ಅಂಚಿನ ಮೇಲಿನ ಮಾತು

ಉಶೋಂಗೊ,
ಜುಲೈ, ಗುರುವಾರ, ಸಮುದ್ರ ಇಳಿಯುವ ಮೊದಲು

ನನ್ನ ಬೆನ್ನ ಮೇಲೆ ಬೆಳೆದ ರಿಜೀಕಿಗೆ,

ನಿನ್ನಮ್ಮ ಸೊಮೋಯೆಯ ಸಲಾಂ. ಇದು ನನ್ನದೇ ಕೈಬರಹ. ನಮಗೆ ಓದು ಕಲಿಸುವ ಜೈನಬು ಟೀಚರ್ ಬರೆದುಕೊಟ್ಟಿದ್ದಾರೆಂದು ತಿಳಿಯಬೇಡ. ಅವರು ಬರೆದಿದ್ದರೆ ಸಾಲು ಹೀಗೆ ಗುಡ್ಡ ಹತ್ತುತ್ತಿರಲಿಲ್ಲ. ಇದನ್ನು ಒಬ್ಬಳೇ ಕೂತು ಓದು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ತೌಸಿ ಅತ್ತೆಯ ಮನೆಯಲ್ಲಿ ಫೋನಿಗೂ ರೇಡಿಯೋಗೂ ವ್ಯತ್ಯಾಸವಿಲ್ಲ, ಇಡೀ ವಠಾರ ಕೇಳಿಸಿಕೊಳ್ಳುತ್ತದೆ.

ಹೋದ ವಾರ ನಾನು ಖಾಲಿ ಚೀಲ ಹಿಡಿದುಕೊಂಡು ಟಾಂಗಾ ಪೇಟೆಗೆ ಬಂದು, ಊಟ ಮಾಡಿ, ಏನೂ ಹೇಳದೆ ಹೊರಟುಬಿಟ್ಟೆನಲ್ಲ, ಬಸ್ ಸ್ಟ್ಯಾಂಡಿನವರೆಗೂ ನೀನು ಒಂದೇ ಸಮ ಕೇಳಿದೆ, "ಯಾಕಮ್ಮಾ ಬಂದಿದ್ದೆ?" ಅಂತ. ನಿನ್ನನ್ನು ಆ ಮನೆಯಿಂದ ಕರೆದುಕೊಂಡು ಬರಲು ಬಂದಿದ್ದೆ ಮಗಳೇ. ಆ ಚೀಲ ನಿನ್ನ ಬಟ್ಟೆಗಳಿಗೆ. ಹೈಸ್ಕೂಲೂ ಬೇಡ, ಅತ್ತೆಯೂ ಬೇಡ ಎಂದು ತೀರ್ಮಾನ ಮಾಡಿಕೊಂಡೇ ಬಸ್ಸು ಹತ್ತಿದ್ದೆ. ಬೋರ್ಡು ನಾನೇ ಓದಿ ಹತ್ತಿದೆ ಎಂಬುದನ್ನು ಮಾತ್ರ ಆ ಸಿಟ್ಟಿನಲ್ಲೂ ಮರೆತಿರಲಿಲ್ಲ.

ಆದದ್ದನ್ನು ಮೊದಲಿಂದ ಹೇಳುತ್ತೇನೆ. ನೀನು ಹೋದ ಮೇಲೆ ನಮ್ಮೂರಲ್ಲಿ ಹೆಂಗಸರಿಗೆ ಓದಿನ ಕ್ಲಾಸು ಶುರುವಾಯಿತು. ದೋಣಿ ಎಳೆದಿಡುವ ಕಡೆ ದೊಡ್ಡ ಬಾದಾಮಿ ಮರವಿದೆಯಲ್ಲ, ಅದರಡಿ. ಆಕ್ಟೋಪಸ್ ಹಿಡಿಯಲು ಹೋಗುವ ಇಳಿತದ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ. ಗಂಡಸರು ಕಾಫಿ ಜಗಲಿಯಲ್ಲಿ ಕೂತು ಆಡಿದ್ದೇ ಆಡಿದ್ದು. "ಇನ್ಮೇಲೆ ಸಾರಿಗೆ ಉಪ್ಪು ಹಾಕೋಕೂ ಪುಸ್ತಕ ನೋಡ್ತಾರೆ ಬಿಡ್ರೋ" ಅಂತ ಒಬ್ಬ. ನಮ್ಮ ಕಿಬೀಬಿ ಸುಮ್ಮನಿರುತ್ತಾಳೆಯೇ? "ಪುಸ್ತಕ ನೋಡಿದ್ರೆ ನಿಮ್ಗೇ ಕಷ್ಟ, ಯಾರ್ಗೆಷ್ಟು ಹಾಕ್ಬೇಕು ಅಂತ ಗೊತ್ತಾಗ್ಬಿಡುತ್ತೆ" ಎಂದಳು.

ಮೊದಲ ದಿನ ಜೈನಬು ಟೀಚರ್ ನಮ್ಮೆಲ್ಲರ ಬೆರಳು ಹಿಡಿದು ತಿದ್ದಿದರು. ಚಿಕ್ಕವರಿದ್ದಾಗ ಕುರಾನ್ ಶಾಲೆಗೆ ಹೋದವರಲ್ಲವೇ ನಾವು, ಅರಬ್ಬಿ ಅಕ್ಷರದ ಅಭ್ಯಾಸಕ್ಕೆ ಬೆರಳು ಬಲಗಡೆಯಿಂದ ಎಡಕ್ಕೆ ಹೊರಡುತ್ತಿತ್ತು. ಈ ಅಕ್ಷರಗಳು ಎಡದಿಂದ ಹೊರಡುತ್ತವೆ. ಅದೊಂದು ಕೈಗೆ ಹತ್ತಲು ತುಂಬಾ ದಿನ ಹಿಡಿಯಿತು.

ಓದಿಸಲು ಪುಸ್ತಕಗಳಿರಲಿಲ್ಲ. ಟೀಚರಿಗೆ ಒಂದು ಉಪಾಯ ಹೊಳೆಯಿತು. ನೀವು ಮೈಗೆ ಸುತ್ತಿಕೊಳ್ಳುವ ಬಟ್ಟೆ, ನಿಮ್ಮ ಪೆಟ್ಟಿಗೆಯಲ್ಲಿರುವ ಕಾಂಗಾಗಳನ್ನೇ ತನ್ನಿ, ಪ್ರತಿಯೊಂದರ ಅಂಚಿನಲ್ಲೂ ಒಂದು ಸಾಲು ಅಚ್ಚಾಗಿರುತ್ತದೆ, ಅದೇ ನಿಮ್ಮ ಪಾಠ ಎಂದರು. ಪಾಪ, ಬೇರೆ ಊರಿನವರು. ಹುತ್ತಕ್ಕೆ ಕೈ ಹಾಕುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ. ಕಾಂಗಾದ ಮೇಲೆ ಮಾತಿರುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಬಾಯಲ್ಲಿ ಹೇಳಲಾಗದ್ದನ್ನು ನಮ್ಮ ಕಡೆಯ ಹೆಂಗಸರು ಸೊಂಟಕ್ಕೆ ಸುತ್ತಿಕೊಂಡು ಓಡಾಡುತ್ತಾರೆ, ಇಲ್ಲವೇ ಉಡುಗೊರೆ ಕೊಟ್ಟುಬಿಡುತ್ತಾರೆ. ಆದರೆ ಓದು ಬಾರದವರು ಬಣ್ಣ ನೋಡಿ ಉಡುತ್ತೇವೆ, ಮಾತು ಏನಿದೆಯೋ ಎಂದು ಕೇಳಲು ನಾಚಿಕೆ.

ಮೊದಲು ಬಿಚ್ಚಿದವಳು ಕಿಬೀಬಿ. ಅವಳ ತಮ್ಮನ ಹೆಂಡತಿ ಕೊಟ್ಟ ಹಳದಿ ಕಾಂಗಾ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ನಿನ್ನ ಬಾಯಿಗೆ ಬೀಗ, ನನ್ನ ಕಿವಿಗೆ ಸುಖ." ಎರಡು ರಂಜಾನ್ ಹಬ್ಬಕ್ಕೆ ಅದನ್ನೇ ಉಟ್ಟು ಮೆರೆದಿದ್ದಳು! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳು ಅಲ್ಲಿಂದಲೇ ಎದ್ದು ಆ ಮನೆಗೆ ಹೋಗಿ ರಂಪ ಮಾಡಿ ಬಂದಳು. ಈಗ ಅದನ್ನು ಬಾಗಿಲಿಗೆ ಪರದೆ ಮಾಡಿ ಕಟ್ಟಿದ್ದಾಳೆ. "ಬಂದೋರು ಓದ್ಕೊಂಡೇ ಒಳಗ್ ಬರ್ಲಿ" ಎನ್ನುತ್ತಾಳೆ. ಆ ವಾರ ನಮ್ಮೂರಲ್ಲಿ ಮಾತು ಬಿಟ್ಟ ಮನೆಗಳೇ ಹೆಚ್ಚು.

ನಾನು ನಕ್ಕಿದ್ದು ಮರುದಿನದವರೆಗೆ ಮಾತ್ರ.

ನನ್ನ ಪೆಟ್ಟಿಗೆಯ ತಳದಲ್ಲಿ ಒಂದು ಕೆಂಪು ಕಾಂಗಾ ಇದೆ, ಗೋಡಂಬಿ ಹಣ್ಣಿನ ಚಿತ್ತಾರದ್ದು. ನೀನು ಹುಟ್ಟುವ ಹಿಂದಿನ ವರ್ಷ ನಿನ್ನ ತೌಸಿ ಅತ್ತೆ ಕೊಟ್ಟದ್ದು. ಆಗ ನನಗೆ ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಬರಿದು. ಊರವರ ಮಾತಿಗೆ ಬೇಸತ್ತಿದ್ದ ನನಗೆ ಅಷ್ಟು ಚೆಂದದ್ದನ್ನು ಕೊಟ್ಟ ಅತ್ತಿಗೆಯನ್ನು ದೇವತೆ ಎಂದುಕೊಂಡೆ. ಮದುವೆಗಳಿಗೆ ಉಟ್ಟೆ, ಆಸ್ಪತ್ರೆಗೆ ಉಟ್ಟೆ. ನೀನು ಹುಟ್ಟಿದ ಮೇಲೆ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡದ್ದೂ ಅದರಲ್ಲೇ. ನೀನು ನಡೆಯಲು ಕಲಿತ ಮೇಲೆ ನೆನಪಿಗೆಂದು ಮಡಚಿ ಎತ್ತಿಟ್ಟೆ. ನೀನು ಅಕ್ಷರ ಕಲಿಯುವ ಹೊತ್ತಿಗೆ ಅದು ಪೆಟ್ಟಿಗೆ ಸೇರಿತ್ತು, ಇಲ್ಲದಿದ್ದರೆ ನಿನ್ನ ಮೇಲೂ ಅನುಮಾನಪಡುತ್ತಿದ್ದೆ.

ಅದರಲ್ಲಿ ಹೀಗಿತ್ತು: "ಕಾಯಿ ಬಿಡದ ಮರಕ್ಕೆ ನೆರಳಿನದೇ ಜಂಬ."

ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ಕಿಬೀಬಿ ಕೂಡ. ಅದು ಇನ್ನೂ ಕಷ್ಟವಾಯಿತು.

ಅಂದಿನಿಂದ ನನ್ನ ತಲೆಯಲ್ಲಿ ಹುಳ. ಯಾರ್ಯಾರಿಗೆ ಗೊತ್ತಿತ್ತು? ಆಸ್ಪತ್ರೆಯ ನರ್ಸ್ ನನ್ನ ಸೊಂಟ ನೋಡಿ ನಕ್ಕಿದ್ದು ನೆನಪಾಯಿತು. ಮದುವೆಗಳಲ್ಲಿ ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದವರೆಲ್ಲ ನೆನಪಾದರು. ಮನೆಯಲ್ಲಿ ನಿನ್ನಪ್ಪ ಬಲೆ ಹೆಣೆಯುತ್ತಿದ್ದರು. ಕಾಂಗಾ ತಂದು ಅವರ ಮುಂದೆ ಎಸೆದೆ. "ಇದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದೆ. ಅವರು ತಲೆ ಎತ್ತಲಿಲ್ಲ. "ಬಟ್ಟೆ ಓದೋಕೆ ನಾನೇನು ದರ್ಜಿನಾ? ನಾನು ಒಳಗಿರೋಳ್ನ ನೋಡ್ತಿದ್ದೆ" ಎಂದರು. ಮಾತು ಸಿಹಿ, ಆದರೆ ಉತ್ತರವಲ್ಲ. ಮಸೀದಿಯಲ್ಲಿ ಕುರಾನ್ ಓದುವವರು, ಶುಕ್ರವಾರ ಕಾಫಿ ಜಗಲಿಯಲ್ಲಿ ಪೇಪರ್ ಬಿಡಿಸಿ ಕೂರುವವರು. ಅಷ್ಟು ವರ್ಷ ನನ್ನ ಮೈಮೇಲೆ ತಮ್ಮ ಅಕ್ಕನ ಬೈಗುಳ ಓದುತ್ತ ಸುಮ್ಮನಿದ್ದರಲ್ಲ!

ಆಮೇಲೆ ನಿನ್ನ ನೆನಪಾಯಿತು. ನನ್ನನ್ನು ಬಂಜೆ ಎಂದು ಹಂಗಿಸಿದವರ ಮನೆಗೇ ನನ್ನ ಒಬ್ಬಳೇ ಮಗಳನ್ನು ಕಳಿಸಿದ್ದೇನೆ. "ಹೈಸ್ಕೂಲು ನಮ್ಮನೆ ಹತ್ರಾನೇ ಇದೆ, ಹುಡುಗಿ ನನ್ ಜೊತೆ ಇರ್ಲಿ" ಎಂದು ಅಷ್ಟೊಂದು ಪ್ರೀತಿಯಿಂದ ಕೇಳಿದರಲ್ಲ, ಆ ಪ್ರೀತಿ ಏಕೆ? ಅವರಿಗೆ ಹೆಣ್ಣುಮಕ್ಕಳಿಲ್ಲ. ನಿನ್ನನ್ನು ತಮ್ಮವಳನ್ನಾಗಿ ಮಾಡಿಕೊಳ್ಳುವ ಹುನ್ನಾರವೇ? ನೀನು ಫೋನಿನಲ್ಲಿ "ಅತ್ತೆ ತುಂಬಾ ಒಳ್ಳೇವ್ರಮ್ಮ" ಎಂದಾಗಲೆಲ್ಲ ನನಗೆ ಉರಿಯುತ್ತಿತ್ತು.

ಅದಕ್ಕೇ ಕೆಂಪು ಕಾಂಗಾವನ್ನು ಸೆರಗಿನಡಿ ಇಟ್ಟುಕೊಂಡು ಬಂದೆ. ಎಲ್ಲರ ಮುಂದೆ ಅವರ ಬಾಯಿಂದಲೇ ಓದಿಸಿ, ಮುಖ ಕೆಳಗೆ ಹಾಕಿಸಿ, ನಿನ್ನ ಕೈ ಹಿಡಿದು ಹೊರಡಬೇಕು ಎಂಬ ಲೆಕ್ಕ. ನೀನು ಆಗ ನೀರು ತರಲು ಹೋಗಿದ್ದೆ. ನಿನ್ನ ಮಾವನ ಎರಡನೆಯ ಹೆಂಡತಿ ಹಿದಾಯ ಅಂಗಳದಲ್ಲಿ ಮೀನು ಹೆರೆಯುತ್ತಿದ್ದಳು.

ನಾನು ಹೊಸಿಲು ದಾಟಿದ್ದೇ ಅತ್ತೆ ನನ್ನನ್ನು ತಬ್ಬಿಕೊಂಡು, ಉಟ್ಟಿದ್ದ ಹಸಿರು ಕಾಂಗಾದ ಎರಡೂ ಅಂಚು ಹಿಡಿದು ತಿರುಗಿ ತೋರಿಸಿದರು. "ನೋಡೇ ಸೊಮೋಯೆ, ಹೆಂಗಿದೆ? ಹಿದಾಯ ತಂದ್ಕೊಟ್ಲು. ಸವತಿ ಅಂದ್ರೆ ಹಾವು ಅಂತಾರೆ, ನಮ್ ಹಿದಾಯ ಚಿನ್ನ!" ಎಂದರು. ಓದು ಕಲಿತವಳ ಕಣ್ಣು ಸುಮ್ಮನಿರುವುದಿಲ್ಲ. ಅವರ ಸೊಂಟದ ಸುತ್ತ ದಪ್ಪ ಅಕ್ಷರದಲ್ಲಿ ಇತ್ತು: "ಹೊಸ ಪೊರಕೆ ಬಂದ ಮೇಲೆ ಹಳೆಯದಕ್ಕೆ ಮೂಲೆಯೇ ಗತಿ."

ಹಿದಾಯ ತಲೆ ತಗ್ಗಿಸಿ ಮೀನು ಹೆರೆಯುತ್ತಲೇ ಇದ್ದಳು. ಅವಳ ಭುಜ ಕುಲುಕುತ್ತಿತ್ತು.

ನನ್ನ ಲೆಕ್ಕ ಎಲ್ಲೋ ತಪ್ಪಿದೆ ಎಂದು ಅಲ್ಲೇ ಅನಿಸಿತು. ಆದರೂ ನನ್ನ ಅನುಮಾನ ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಅತ್ತೆಯನ್ನು ಒಳಕೋಣೆಗೆ ಕರೆದು ಕೆಂಪು ಕಾಂಗಾ ಬಿಡಿಸಿದೆ. "ಅತ್ತಿಗೆ, ನೀವು ಕೊಟ್ಟಿದ್ದು. ಇದರಲ್ಲಿ ಏನಿದೆ ಸ್ವಲ್ಪ ಓದಿ, ನನ್ನ ಕಣ್ಣು ಮಂಜು" ಎಂದೆ. ಹೆಂಗಸರ ಮೌಲಿದ್ ಪ್ರಾರ್ಥನೆಗೆ ಮುಂದೆ ಕೂತು ಓದುವವರಲ್ಲವೇ, ಠೀವಿಯಿಂದ ಕನ್ನಡಕ ಏರಿಸಿದರು. ಅಂಚಿನ ಮೇಲೆ ಬೆರಳಿಟ್ಟು ನಿಧಾನವಾಗಿ ಎಳೆದರು. ಬಲದಿಂದ ಎಡಕ್ಕೆ.

ಆ ಬೆರಳು ನನಗೆ ಗೊತ್ತು ರಿಜೀಕಿ. ಮೊದಲ ದಿನ ನನ್ನ ಬೆರಳೂ ಹಾಗೆಯೇ ಹೊರಟಿತ್ತು.

"ದೇವರು ಈ ಮಡಿಲು ತುಂಬಲಿ, ಅಂತ ಇದೆ ಕಣೇ" ಎಂದರು. "ಅಂಗಡಿಯವನು ಹಂಗೇ ಹೇಳಿದ್ದ. ಅದಕ್ಕೇ ತಂದೆ. ತುಂಬ್ತೋ ಇಲ್ವೋ ನೋಡು!" ಎಂದು ನೀರಿನ ಕೊಡ ಹೊತ್ತು ಬರುತ್ತಿದ್ದ ನಿನ್ನ ಕಡೆ ತೋರಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಒಲೆಯ ಹೊಗೆ ಎಂದೆ. ನೀನು ನಂಬಿದೆ, ಒಲೆ ಇನ್ನೂ ಹೊತ್ತಿಸಿಯೇ ಇರಲಿಲ್ಲ.

ಹಾಗಾಗಿ ನೀನು ಅಲ್ಲೇ ಇರು. ಆದರೆ ಕಣ್ಣು ತೆರೆದಿಟ್ಟುಕೊಂಡಿರು. ಹಿದಾಯ ಏಳನೆಯ ತರಗತಿ ಓದಿದವಳು, ಅವಳು ಕೊಟ್ಟದ್ದನ್ನು ಓದದೆ ಮುಟ್ಟಬೇಡ. ಅತ್ತೆಗೆ ಏನನ್ನೂ ಹೇಳಬೇಡ. ಮೌಲಿದ್‌ನಲ್ಲಿ ಮುಂದೆ ಕೂರುವ ಹೆಂಗಸು, ಅವರ ಮರ್ಯಾದೆ ನಿನ್ನ ಕೈಯಲ್ಲಿದೆ. ಸಂಜೆ ಪಾಠವನ್ನು ಅವರ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದು, ಬೆರಳನ್ನು ಎಡದಿಂದ ಇಟ್ಟು ಓದು, ಕಾಣುವ ಹಾಗೆ. ಮತ್ತೆ, ಅವರ ಬಟ್ಟೆಗೆ ಇಸ್ತ್ರಿ ಹಾಕುವವಳು ನೀನೇ ತಾನೇ? ಆ ಹಸಿರು ಕಾಂಗಾದ ಮೇಲೆ ಒಂದು ದಿನ ಕೆಂಡ ಸಿಡಿಯಲಿ. ಬೈದರೆ ಬೈಸಿಕೋ.

ಪತ್ರವನ್ನು ನಿನ್ನಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಶನಿವಾರ ಒಣಮೀನು ತೆಗೆದುಕೊಂಡು ಪೇಟೆಗೆ ಬರುತ್ತಾರೆ. ಓದು ಬಲ್ಲವರು, ದಾರಿಯಲ್ಲಿ ಬಿಚ್ಚಿ ಓದುತ್ತಾರೆ. ಓದಲಿ. ನಿನ್ನ ಅತ್ತೆಯನ್ನು ಕ್ಷಮಿಸಲು ನನಗೆ ಕಾರಣ ಸಿಕ್ಕಿತು, ನಿನ್ನಪ್ಪನನ್ನು ಕ್ಷಮಿಸಲು ಇನ್ನೂ ಸಿಕ್ಕಿಲ್ಲ. ಗೊತ್ತಿದ್ದೂ ಸುಮ್ಮನಿದ್ದ ಗಂಡ, ಗೊತ್ತಿಲ್ಲದೆ ಹಂಗಿಸಿದ ಅತ್ತಿಗೆಗಿಂತ ಕೆಟ್ಟವನು. ಇದನ್ನು ಅವರ ಮುಖಕ್ಕೆ ಹೇಳಲು ನನಗೆ ಧೈರ್ಯವಾಗಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಹೊಟ್ಟೆ ತುಂಬಾ ಉಣ್ಣು. ತಲೆಗೆ ಎಣ್ಣೆ ಹಚ್ಚು.

ನಿನ್ನನ್ನು ಹೊತ್ತ ಬೆನ್ನಿನವಳು,
ಸೊಮೋಯೆ

ತಾ.ಕ.: ಮಡಚುವ ಮೊದಲೇ ನಿನ್ನಪ್ಪ ಬಂದು ಎದುರಿಗೆ ಕೂತರು. "ಕೊಡು ಇಲ್ಲಿ, ನೋಡೋಣ ಏನ್ ಕಲ್ತಿದೀಯ ಅಂತ" ಎಂದರು. ನಾನು ಬೇಕೆಂದೇ ಕೊನೆಯ ಹಾಳೆಯನ್ನು ಮೇಲಿಟ್ಟು ಕೊಟ್ಟೆ. ತುಟಿ ಅಲುಗಿಸುತ್ತ, ಬಹಳ ಗಂಭೀರವಾಗಿ, ಕೆಳಗಿನವರೆಗೂ ನೋಡಿದರು. ಹುಬ್ಬು ಸಹ ಗಂಟಿಕ್ಕಲಿಲ್ಲ. "ಪರವಾಗಿಲ್ವೇ, ಚೆನ್ನಾಗ್ ಬರ್ದಿದೀಯ. ನನ್ ಸಲಾಮೂ ಸೇರ್ಸು" ಎಂದು ಹಾಳೆ ವಾಪಸ್ಸು ಕೊಟ್ಟರು. ಅವರ ಬೆರಳು ಪ್ರತಿ ಸಾಲನ್ನೂ ಬಲದಿಂದ ಹಿಡಿದು ಎಡಕ್ಕೆ ಹೋಗಿತ್ತು. ಈ ಪತ್ರದಲ್ಲಿ ಏನಿದೆಯೆಂದು ಅವರು ಕೇಳಿದರೆ, ಅಮ್ಮ ನಿಮ್ಮನ್ನು ಹೊಗಳಿದ್ದಾಳೆ ಎಂದು ಹೇಳು. ನಿನ್ನಪ್ಪ ಸಲಾಂ ಹೇಳಿದ್ದಾರೆ.