ಕಿಡಕ್ಯಾಗಿನ ನೀಲಿ ಗಾಜು

ಚಂದಪ್ಪಣ್ಣಾ,

ನೀ ಇದನ್ನ ಓದಂಗಿಲ್ಲ ಅಂತ ಗೊತ್ತದ, ಆದ್ರೂ ಬರಿಯಾಕತ್ತೇನಿ. ಹೊಳಿ ಆಚಿ ನಿಮ್ಮ ಹೋರಾಟಗಾರರ ಕ್ಯಾಂಪಿನಿಂದ ಮನಿಗೆ ಬರಾಕ ನೀನೇ ಗುರ್ತು ಹೇಳಿದ್ದಿ: ಕಿಡಕ್ಯಾಗ ಕಂದೀಲಿನ ಮುಂದ ಹಸರು ಗಾಜು ಇಟ್ಟಿದ್ರ ಬರಬಹುದು, ನೀಲಿ ಇಟ್ಟಿದ್ರ ಊರಾಗ ರಜಾಕಾರರು ಅದಾರ. ಅವತ್ತು ನಾ ನೀಲೀನೇ ಇಟ್ಟಿದ್ದೆ. ನೀ ಬಂದಿ. ಅವರು ಗುಂಡು ಹೊಡದ್ರು. "ತಂಗಿ ಬ್ಯಾಡ ಅಂದ್ರೂ ಬಂದ, ಹಟಮಾರಿ" ಅಂತ ಅವ್ವ ಅಳಕೋತ ಬೈತಾಳ. ನಾನೂ ಬೈದೇನಿ.

ಇವತ್ತು ಸಂಜಿಗೆ ಹೊಳಿಯಿಂದ ನೀರು ತರಾಕತ್ತಿದ್ದೆ. ಅವ್ವ ಅದೇ ನೀಲಿ ಗಾಜಿನ ಹಿಂದ ಕಂದೀಲು ಹಚ್ಚಿಟ್ಟಿದ್ಲು. ದೂರದಿಂದ ಹಸರು ಕಂಡ್ತು. ಕೊಡ ಒಗದು ಓಡಿದೆ. ಗಾಜು ಮುಗಿಲಿಗೆ ಹಿಡದೆ, ನೀಲಿ. ಕಂದೀಲಿನ ಹಳದಿ ಉರಿಗೆ ಹಿಡದೆ, ಹಸರು.

ನೀ ನನ್ನ ಮಾತು ಕೇಳೇ ಬಂದಿದ್ದಿ, ಅಣ್ಣಾ. ಅವ್ವ ಒಳಗ ಇನ್ನೂ ನಿನಗೇ ಬೈಯಾಕತ್ತಾಳ.