ಹದಿನೇಳನೆಯವಳ ಪತ್ರಗಳು

ಜನವರಿ 9

ಪ್ರಿಂಟರು ಇವತ್ತೂ ಎರಡು ಹಾಳೆ ನುಂಗಿತು. ಮುಚ್ಚಳ ತೆಗೆದು, ಹಾಳೆಯ ಕಿವಿ ಹಿಡಿದು ಎಳೆದೆ. ಒಟ್ಟು ಇನ್ನೂರ ಹನ್ನೆರಡು ಪತ್ರ. ಮಡಚು, ಕವರಿಗೆ ತುಂಬು, ಸ್ಟಾಂಪು ಹಚ್ಚು. ನಾಲಿಗೆಯಿಂದ ಹಚ್ಚಬೇಡಿ ಎಂದು ಮನೆಯವಳ ಆಜ್ಞೆ. ಅದಕ್ಕೇ ಒದ್ದೆ ಸ್ಪಂಜು.

ಎಲ್ಲದರ ಕೊನೆಗೂ ಒಂದೇ ಸಹಿ: "ನಿಮ್ಮ ಹದಿನೇಳು."

ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದೆ. ಊರವರ ತಪ್ಪನ್ನೆಲ್ಲ ಕೆಂಪು ಪೆನ್ನಿನಿಂದ ಹಿಡಿದೆ, ಸ್ವಂತದ್ದು ಒಂದು ಸಾಲು ಬರೆಯಲಿಲ್ಲ. ಪ್ರೆಸ್ಸು ಮುಚ್ಚಿತು. ಆಮೇಲೆ ಸಿಕ್ಕಿದ್ದು ಈ ಕೆಲಸ. ಹದಿನೇಳನೇ ನಂಬರಿನ ಕಡಲಾಮೆಯೊಂದರ ಪರವಾಗಿ, ಮೂರು ತಿಂಗಳಿಗೊಮ್ಮೆ, ಹಣ ಕೊಟ್ಟು ಅದನ್ನು ದತ್ತು ತೆಗೆದುಕೊಂಡವರಿಗೆ ಪತ್ರ ಬರೆಯುವುದು. ಆಮೆಗಳನ್ನು ಕಾಯುವ ನಮ್ಮ ಸಂಸ್ಥೆಯ ಬೆನ್ನೆಲುಬೇ ಈ ದತ್ತು ಯೋಜನೆ. ಹದಿನಾರಕ್ಕೂ ಹದಿನೆಂಟಕ್ಕೂ ಒಬ್ಬ ಅಪ್ಪ-ಅಮ್ಮನೂ ಸಿಗಲಿಲ್ಲ. ಹದಿನೇಳರ ಫೋಟೋ ಚೆನ್ನಾಗಿ ಬಂದಿತ್ತು, ಅಷ್ಟೇ. ಉಳಿದವರ ಖರ್ಚನ್ನೂ ಅವಳೇ ನೋಡಿಕೊಳ್ಳುತ್ತಾಳೆ, ಪಾಪ.

ಜನವರಿ 10

ಕಳಿಸಿದ ಪತ್ರವನ್ನು ಮನೆಯಲ್ಲಿ ಓದಿ ಹೇಳಿದೆ. ವಾಡಿಕೆ. ಕೊನೆಯವರೆಗೂ ಕೇಳಿ, "ಆಮೆಗೆ ಅವಳು ಅಂತೀರಿ, ನನಗೆ ಲೇ ಅಂತೀರಿ" ಎಂದಳು. ಟೀ ಲೋಟ ತೊಳೆದಿಟ್ಟೆ.

ಜನವರಿ 20

ಟೆಲಿಫೋನ್ ಅಜ್ಜಿಯ ಕಾರ್ಡು ಬಂತು. ದತ್ತು ತೆಗೆದುಕೊಂಡವರಲ್ಲಿ ಆಮೆಗೆ ಮರುತ್ತರ ಬರೆಯುವವರು ಅವರೊಬ್ಬರೇ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಂಟಿ ಜೀವ. ಅಕ್ಷರ ದುಂಡಗೆ, ಪ್ರೆಸ್ಸಿನಲ್ಲಿದ್ದಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

"ಮಗೂ, ಮೂರು ತಿಂಗಳಲ್ಲಿ ಒಂಬೈನೂರು ಕಿಲೋಮೀಟರ್ ಈಜಿದೆ ಎಂದು ಬರೆದಿದ್ದೀಯ. ನಾನು ಮಂಚದಿಂದ ಬಾಗಿಲಿಗೆ ಹೋದರೆ ಎರಡು ಮಂಡಿಯೂ ಜಗಳಕ್ಕೆ ನಿಲ್ಲುತ್ತವೆ. ನಿನಗೆ ಮಂಡಿ ಇದೆಯಾ? ಸರಿಯಾಗಿ ನೋಡಿಕೊಂಡು ಬರಿ."

ಎಲ್ಲರಿಗೂ ಅಚ್ಚಾದ ಪತ್ರ. ಅಜ್ಜಿಯ ಪ್ರತಿಗೆ ಮಾತ್ರ ಕೊನೆಗೆ ನಾನೇ ಕೈಯಲ್ಲಿ ನಾಲ್ಕು ಸಾಲು ಸೇರಿಸುತ್ತೇನೆ. ಅವರು ಕೇಳಿದ್ದಕ್ಕೆಲ್ಲ ಉತ್ತರ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಮಂಡಿಯ ವಿಷಯ — ಪಶುವೈದ್ಯರನ್ನು ಕೇಳಬೇಕು. ಏಪ್ರಿಲ್ ಪತ್ರಕ್ಕೆ.

ಫೆಬ್ರವರಿ 4

ಬಂದರು ಕಂಪನಿಯವರು ಬಂದಿದ್ದರು. ನಮ್ಮ ಆಫೀಸಿಗೆ! ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗೆ. ಇದ್ದ ಮೂರು ಕುರ್ಚಿಯಲ್ಲಿ ಅವರು ಕೂತರು, ನಾವು ಗೋಡೆಗೆ ಒರಗಿದೆವು.

ಎರಡು ವರ್ಷದ ಹಿಂದೆ ಇವರೇ ಕಡಲೊಳಕ್ಕೆ, ಅಲೆಗೆ ಅಡ್ಡವಾಗಿ, ಎರಡನೇ ತಡೆಗೋಡೆ ಕಟ್ಟಲು ಹೊರಟಿದ್ದರು. ಕಟ್ಟಿದ್ದರೆ ಆಮೆಗಳು ಮೊಟ್ಟೆಯಿಡುವ ಮರಳೇ ಉಳಿಯುತ್ತಿರಲಿಲ್ಲ. ಹದಿನೇಳು ಒಂದು ಪತ್ರ ಬರೆದಳು (ಅಂದರೆ ನಾನು). ಅದು ಕೈಯಿಂದ ಕೈಗೆ ಹೋಗಿ ನಲವತ್ತು ಸಾವಿರ ಸಹಿ ಬಂತು. ತೀರ್ಮಾನ ಮಾಡುವ ಸರ್ಕಾರಿ ಸಮಿತಿಯಲ್ಲಿದ್ದ ಒಬ್ಬರ ಮನೆಯ ಗೋಡೆಯ ಮೇಲೇ ನಮ್ಮ ದತ್ತು ಪತ್ರ ಇತ್ತಂತೆ, ಮಗಳ ಹೆಸರಲ್ಲಿ. ಗೋಡೆ ನಿಂತುಹೋಯಿತು. ಅಷ್ಟು ದೊಡ್ಡವರನ್ನು ನಾವು ಅಲ್ಲಾಡಿಸಿದೆವು ಎಂದು ನನಗೆ ಎಷ್ಟೋ ದಿನ ನಂಬಿಕೆಯೇ ಬರಲಿಲ್ಲ. ಸ್ವಲ್ಪ ಭಯವೂ ಆಗಿತ್ತು, ನಿಜ ಹೇಳಬೇಕೆಂದರೆ.

ಈಗ ಅವರೇ ಆಮೆ ಆಸ್ಪತ್ರೆ ಕಟ್ಟಿಸಿಕೊಡುತ್ತಾರಂತೆ. ಒಂದು ದೋಣಿ. ನಮ್ಮ ಹನ್ನೊಂದು ಜನರ ಸಂಬಳ, ಐದು ವರ್ಷ. ಷರತ್ತು? ಏನೂ ಇಲ್ಲವಂತೆ. ಬಂದರಿಗೆ ಸಂಬಂಧಪಟ್ಟದ್ದು ಏನಾದರೂ ಅಚ್ಚು ಹಾಕುವ ಮೊದಲು ಅವರಿಗೆ ಒಮ್ಮೆ ತೋರಿಸಿದರೆ ಸಾಕು.

ಅಕ್ಕ ಒಪ್ಪಿದರು. ಸಂಸ್ಥೆ ಕಟ್ಟಿದವರು ಅವರು. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನನಗೂ ಅಕ್ಕನೇ. ಹೋದ ವರ್ಷ ಸ್ಕೂಟರ್ ಮಾರಿದರು. ಕೇಳಿದರೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ. ಯಾವ ಬಾಯಿಂದ ಬೇಡ ಎನ್ನಲಿ?

ಮೇ 2ಕ್ಕೆ ಶಂಕುಸ್ಥಾಪನೆ.

ಮಾರ್ಚ್ 11

ಮೂರು ದಿನದಿಂದ ಹದಿನೇಳರ ಚುಕ್ಕೆ ಇಲ್ಲ. ಅವಳ ಬೆನ್ನಿಗೆ ಅಂಟಿಸಿದ ಪೆಟ್ಟಿಗೆ, ಉಸಿರಿಗೆ ಮೇಲೆ ಬಂದಾಗಲೆಲ್ಲ ಕಂಪ್ಯೂಟರಿಗೊಂದು ಚುಕ್ಕೆ ಕಳಿಸುತ್ತದೆ. ಬೆಳಗ್ಗೆ ಬಂದವನು ಮೊದಲು ಅದನ್ನೇ ನೋಡುವುದು. ಕೊನೆಯ ಚುಕ್ಕೆ ಹಳೆಯ ತಡೆಗೋಡೆಯ ಹತ್ತಿರ. ಮೊಟ್ಟೆಯಿಡಲು ದಡಕ್ಕೆ ಬರುತ್ತಿದ್ದಾಳೆ ಎಂದು ಖುಷಿಪಟ್ಟಿದ್ದೆ.

ಬ್ಯಾಟರಿ ಇರಬಹುದು. ಬ್ಯಾಟರಿಯೇ ಇರಬೇಕು.

ಮಾರ್ಚ್ 14, ಬೆಳಗ್ಗೆ 11

ಸಿಕ್ಕಳು.

ದಡ ಕಾಯುವವನು ಫೋನ್ ಮಾಡಿದ. ಪಶುವೈದ್ಯರ ಜೊತೆ ಹೋದೆ. ಜೀವ ಹೋಗಿ ದಿನಗಳಾಗಿದ್ದವು. ಬೆನ್ನ ಚಿಪ್ಪು ಎರಡು ಭಾಗ. ಪೆಟ್ಟಿಗೆ ಇರಲಿಲ್ಲ, ಕಾಲಿನ ಬಿಲ್ಲೆ ಇತ್ತು. 17. ಹೂಳೆತ್ತುವ ಹಡಗು ಕೆಳಗೆ ಬಿಟ್ಟ ಕೊಳವೆಯ ಬಾಯಿ ಎಂದರು ವೈದ್ಯರು. ಬೇರೆ ಯಾವುದೂ ಹೀಗೆ ಜಜ್ಜುವುದಿಲ್ಲವಂತೆ. ಬಂದರಿನಲ್ಲಿ ಹತ್ತು ದಿನದಿಂದ ಕಂಪನಿಯವರು ಹೂಳೆತ್ತುತ್ತಿದ್ದಾರೆ.

ನಾಲ್ಕು ಜನ ಎತ್ತಿದೆವು. ಹಿಂಗಾಲು ನನ್ನ ಕೈಗೆ ಬಂತು. ಹಿಡಿದೊಡನೆ ಮಡಚಿಕೊಂಡಿತು, ಮಲಗಿದ ಮಗುವಿನದ್ದು ಮಡಚಿಕೊಳ್ಳುವ ಹಾಗೆ.

ನಾಲ್ಕು ವರ್ಷ "ನಾನು, ನಾನು" ಎಂದು ಬರೆದದ್ದು ಇವಳ ಬಗ್ಗೆ. ಮುಟ್ಟಿದ್ದು ಇವತ್ತೇ ಮೊದಲು.

ಮಾರ್ಚ್ 15

ಅಕ್ಕ ನನ್ನನ್ನು ಒಳಗೆ ಕರೆದರು. ರಾತ್ರಿ ನಿದ್ದೆ ಮಾಡಿದ ಮುಖ ಅಲ್ಲ. "ಮೇ ಎರಡು ಕಳೀಲಿ. ಸುಳ್ಳು ಹೇಳಿ ಅಂತಿಲ್ಲ. ಸುಮ್ನಿರಿ ಅಂತಿದೀನಿ."

ಹೂಂ ಅಂದೆ. ಮೆಟ್ಟಿಲಿಳಿಯುವಾಗ ಹೊಳೆಯಿತು. ಏಪ್ರಿಲ್ ಪತ್ರ ಬರೆಯುವವಳು ಹದಿನೇಳು. ನಾನು ಸುಮ್ಮನಿರಬಹುದು, ಅವಳು ಸುಮ್ಮನಿರುವಂತಿಲ್ಲ.

ಏಪ್ರಿಲ್ 6

ಬರೆದೆ.

ನೀರು ಬೆಚ್ಚಗಿದೆ, ನಾನು ಕ್ಷೇಮ, ಮೀನುಗಳ ಹಿಂಡೊಂದು ಜೊತೆಗಿದೆ. ಒಂದು ತಪ್ಪಿಲ್ಲ, ಒಂದು ಅಲ್ಪವಿರಾಮ ಆಚೀಚೆ ಇಲ್ಲ. ಹಾಳಾದ ಪ್ರಿಂಟರು ಇವತ್ತು ಒಂದು ಹಾಳೆಯನ್ನೂ ನುಂಗಲಿಲ್ಲ.

ಅಜ್ಜಿಯ ಪ್ರತಿ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತೆ. ಪೆನ್ನು ಓಡಲಿಲ್ಲ. ಹಾಗೇ ಕವರಿಗೆ ಹಾಕಿದೆ.

ಮನೆಯಲ್ಲಿ, "ಯಾಕ್ರೀ, ಈ ಸಲ ಓದಲ್ವಾ?" ಎಂದು ಕೇಳಿದಳು. ಗಂಟಲು ಕಟ್ಟಿದೆ ಅಂದೆ. ಬಿಸಿನೀರು ಮಾಡಿಕೊಟ್ಟಳು. ಕುಡಿದೆ. ಎಂಥ ಮನುಷ್ಯ ನಾನು.

ಏಪ್ರಿಲ್ 19

ಅಜ್ಜಿಯ ಪತ್ರ. ಆಮೆಗಲ್ಲ, ಸಂಸ್ಥೆಗೆ. ತಮ್ಮ ಫ್ಲ್ಯಾಟನ್ನು ತಮ್ಮ ನಂತರ ಹದಿನೇಳರ ಹೆಸರಿಗೆ, ಅಂದರೆ ನಮ್ಮ ಸಂಸ್ಥೆಗೆ, ಬರೆಯಬೇಕೆಂದಿದ್ದಾರೆ. ವಕೀಲರು ಕಾಗದ ತಯಾರು ಮಾಡಿದ್ದಾರೆ. ಸಹಿಗೆ ಮುಂಚೆ ಯಾರಾದರೂ ಬಂದು ಮಾತಾಡಿ. ಪತ್ರ ಬರೆಯುವವರೇ ಬಂದರೆ ಒಳ್ಳೆಯದು.

ಅಕ್ಕ ಎರಡು ಸಲ ಓದಿದರು. ಕುರ್ಚಿ ಎಳೆದುಕೊಂಡು ಕೂತರು. ಇಂಥದ್ದು ಬಂದರೆ ಕುಣಿಯುವವರು. ಇವತ್ತು ಮುಖ ಸಣ್ಣದಾಯಿತು. "ನೀವೇ ಹೋಗಿ ಬನ್ನಿ" ಎಂದರು. ಏನು ಹೇಳಬೇಕು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಏಪ್ರಿಲ್ 22, ಸಂಜೆ 5

ಈಗಷ್ಟೇ ಬಂದೆ. ಅಂಗಿ ಬದಲಿಸಿಲ್ಲ. ಮರೆಯುವ ಮೊದಲು ಬರೆಯುತ್ತೇನೆ.

ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಬಾಗಿಲು ತೆಗೆಯಲು ಐದು ನಿಮಿಷ ಹಿಡಿಯಿತು. ಮಂಡಿ. ಪುಟ್ಟ ಮೈ, ದೊಡ್ಡ ಕನ್ನಡಕ. ಒಂದು ಕೋಣೆ, ಕಿಟಕಿಯಲ್ಲಿ ಎರಡು ಕುಂಡ. ಗೋಡೆಯ ಮೇಲೆ ಭೂಪಟ. ಹದಿನೇಳು ಎಲ್ಲೆಲ್ಲಿ ಹೋದಳು ಎಂದು ನಾಲ್ಕು ವರ್ಷ ಗುಂಡುಸೂಜಿ ಚುಚ್ಚಿ ದಾರ ಕಟ್ಟಿದ್ದಾರೆ. ಏಪ್ರಿಲ್ ಪತ್ರದ ಸೂಜಿ ಇರಲಿಲ್ಲ.

ಕೂರಿಸಿದರು. ನೀರು ಕೊಟ್ಟರು. ನಾನು ಕಾಗದಪತ್ರದ ಮಾತು ತೆಗೆಯುವ ಮೊದಲೇ,

"ಹೋಗಿಬಿಟ್ಟಳು, ಅಲ್ವಾ?"

ತಲೆಯಾಡಿಸಿದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮಂಡಿ ಇದೆಯಾ ಅಂತ ಕೇಳಿದ್ದೆ. ಉತ್ತರ ಬರಲಿಲ್ಲ. ಅವಳು ಯಾವತ್ತೂ ನನ್ನ ಪ್ರಶ್ನೆ ಬಿಟ್ಟವಳಲ್ಲ. ಮೂವತ್ತನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತವಳು ನಾನು. ಆ ಕಡೆ ಯಾರೂ ಇಲ್ಲ ಅಂದ್ರೆ ನನಗೆ ತಿಳಿಯುತ್ತೆ."

ಎಲ್ಲ ಹೇಳಿದೆ. ಹಡಗು, ಆಸ್ಪತ್ರೆ, ಹನ್ನೊಂದು ಜನ, ಮೇ 2. ಇನ್ನೂರ ಹನ್ನೆರಡು ಜನಕ್ಕೆ ಹೋದ ನನ್ನ ಏಪ್ರಿಲ್ ಪತ್ರ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಆಮೆ ಕಾಗದ ಬರೆಯುವುದಿಲ್ಲ ಎಂಬುದು ತಮಗೆ ಮೊದಲ ದಿನದಿಂದ ಗೊತ್ತು, ಬರೆಯುವವರು ಯಾರೋ ಕೂತು ಬರೆಯುತ್ತಾರಲ್ಲ, ತಮ್ಮ ಕಾರ್ಡೆಲ್ಲ ಆ ಯಾರೋ ಒಬ್ಬರಿಗೇ ಎಂದರು. ನನ್ನ ಕಣ್ಣು ತುಂಬಿತು. ಅರವತ್ತು ದಾಟಿದ ಗಂಡಸು, ಗೊತ್ತಿಲ್ಲದವರ ಮನೆಯಲ್ಲಿ. ಅವರು ಕಿಟಕಿಯ ಕುಂಡಕ್ಕೆ ನೀರು ಹಾಕಲು ಎದ್ದುಹೋದರು, ನಾನು ಒರೆಸಿಕೊಳ್ಳಲಿ ಎಂದು.

ಹೊರಡುವಾಗ ವಕೀಲರ ಕಾಗದ ಮೇಜಿನ ಮೇಲೇ ಇತ್ತು, ಕನ್ನಡಕದ ಡಬ್ಬಿಯ ಕೆಳಗೆ. ನಾನು ನೋಡಿದ್ದನ್ನು ಅವರು ನೋಡಿದರು.

"ಮೊದಲು ಉಳಿದ ಇನ್ನೂರ ಹನ್ನೊಂದು ಜನಕ್ಕೂ ನಿಜ ಬರೀರಿ. ಆಮೇಲೆ ನನ್ನ ಸಹಿ. ಕಂಪನಿಯವರ ಹಾಗೆ ಷರತ್ತಿಲ್ಲ ಅಂತ ನಾನು ಹೇಳಲ್ಲ. ಇದೆ. ಇದೊಂದೇ."

ಏಪ್ರಿಲ್ 23

ಬೆಳಗ್ಗೆ ಮನೆಯವಳಿಗೆ ಹೇಳಿದೆ. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ, "ಒಬ್ಬರೇ ಹೊತ್ತುಕೊಂಡು ತಿರುಗಿದ್ರಲ್ಲ" ಎಂದಳು. ಸಿಟ್ಟಿನಲ್ಲೇ ಹೇಳಿದಳು, ಕೈ ಮಾತ್ರ ಬೆನ್ನ ಮೇಲಿತ್ತು.

ಆಫೀಸಿಗೆ ಹೋಗಿ ಬರೆದೆ. ಹತ್ತು ಸಾಲು. ಇದು ಹದಿನೇಳು ಬರೆದದ್ದಲ್ಲ, ಅವಳ ಪತ್ರ ಬರೆಯುತ್ತಿದ್ದವನು ಬರೆದದ್ದು. ಮಾರ್ಚ್ 14ರಂದು ಅವಳು ದಡದಲ್ಲಿ ಸಿಕ್ಕಳು. ಬಂದರಿನ ಬಳಿ ಏನೋ ಬಡಿದು ಸತ್ತಿದ್ದಾಳೆ. ಏಪ್ರಿಲ್ ಪತ್ರ ಬರೆಯುವಾಗ ನನಗೆ ಇದು ಗೊತ್ತಿತ್ತು.

ಅಕ್ಕನ ಮೇಜಿನ ಮೇಲಿಟ್ಟೆ. ಕೆಲಸ ಹೋಗುತ್ತದೆ ಎಂದುಕೊಂಡೇ ಇಟ್ಟೆ. ಅಜ್ಜಿಯ ಷರತ್ತನ್ನೂ ಹೇಳಿದೆ. ಅಕ್ಕ ಓದಿದರು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆಮೇಲೆ ಕೈ ಚಾಚಿ ನನ್ನ ಜೇಬಿನ ಕೆಂಪು ಪೆನ್ನು ತೆಗೆದುಕೊಂಡರು.

"ಏನೋ" ಹೊಡೆದುಹಾಕಿದರು. ಮೇಲೆ ಬರೆದರು: "ಕಂಪನಿಯ ಹೂಳೆತ್ತುವ ಹಡಗಿನ ಕೊಳವೆ."

ನನಗೆ ನಾಚಿಕೆಯಾಯಿತು. ನಿಜ ಬರೆದೆ ಎಂದು ಬೀಗಿಕೊಂಡು ಮೇಜಿನ ಮೇಲೆ ತಂದಿಟ್ಟವನು, ಹಡಗನ್ನು ಮೆಲ್ಲಗೆ ಬಚ್ಚಿಟ್ಟಿದ್ದೆ.

ಕೊನೆಯ ಸಾಲಿಗೆ ಬಂದರು. "ನನಗೆ" ಹೊಡೆದುಹಾಕಿ "ನಮಗೆ" ಎಂದು ಬರೆದರು. ಕೆಳಗೆ ತಮ್ಮ ಸಹಿ ಹಾಕಿದರು. ಪೆನ್ನನ್ನು ಮತ್ತೆ ನನ್ನ ಜೇಬಿಗೆ ಸಿಕ್ಕಿಸಿದರು.

"ಅಜ್ಜಿ ಮನೆಗೋಸ್ಕರ ಅಲ್ಲ. ಅವರು ಸಹಿ ಹಾಕದಿದ್ರೂ ಹೋಗ್ಲಿ. ಮಾರ್ಚಿಂದ ನನಗೆ ಆ ಕಂಪ್ಯೂಟರ್ ಕಡೆ ನೋಡಕ್ಕಾಗ್ತಿಲ್ಲ."

ಕೊಟ್ಟ ಮಾತಿನಂತೆ ಕಂಪನಿಗೂ ತೋರಿಸಿದರು. ಪತ್ರವನ್ನು ಫೋನಿನಲ್ಲೇ ಓದಿ ಹೇಳಿದರು. ಅವರು ಒಂದು ವಾರ ಕೊಡಿ ಎಂದರಂತೆ. ಪ್ರಿಂಟರು ಬಿಸಿಯಾಗಿದೆ, ಆರಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂದರು ಅಕ್ಕ.

ಹನ್ನೊಂದು ಜನವೂ ಸೇರಿ ಕವರು ತುಂಬಿದೆವು. ಇಲ್ಲಿಯವರೆಗೆ ನಾನೊಬ್ಬನೇ ಮಾಡುತ್ತಿದ್ದ ಕೆಲಸ.

ಮೇ 2

ಶಂಕುಸ್ಥಾಪನೆ ಇಲ್ಲ. ಕಂಪನಿಯಿಂದ ಎರಡು ಸಾಲಿನ ಪತ್ರ: ಯೋಜನೆಯನ್ನು ಮರುಪರಿಶೀಲಿಸುತ್ತಿದ್ದೇವೆ. ಐದು ವರ್ಷದ ಸಂಬಳ ಎರಡು ಸಾಲಿನಲ್ಲಿ ಹೋಯಿತು. ಹೂಳೆತ್ತುವ ಹಡಗು ಮಾತ್ರ ನಾಲ್ಕು ದಿನದಿಂದ ಲಂಗರು ಹಾಕಿ ನಿಂತಿದೆ. ಅಂದು ಗೋಡೆ ನಿಲ್ಲಿಸಿದ ಸಮಿತಿಯವರೇ ವಿಚಾರಿಸುತ್ತಿದ್ದಾರಂತೆ. ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ.

ದತ್ತು ತೆಗೆದುಕೊಂಡವರ ಉತ್ತರಗಳು ಬರುತ್ತಿವೆ. ಕೆಲವರು ಬೈದಿದ್ದಾರೆ, ಬೈಯಬೇಕಾದದ್ದೇ. ಮೂವರು ಇನ್ನು ಹಣ ಕಳಿಸುವುದಿಲ್ಲ ಎಂದಿದ್ದಾರೆ. ಒಬ್ಬರು ಹದಿನೆಂಟು ಹೇಗಿದ್ದಾಳೆ ಎಂದು ಕೇಳಿದ್ದಾರೆ. ಅವಳನ್ನು ಕೇಳಿದವರು ಇವರೇ ಮೊದಲು.

ಮಧ್ಯಾಹ್ನ ವಕೀಲರ ಕಡೆಯಿಂದ ಲಕೋಟೆ. ಒಳಗೆ ಅಜ್ಜಿ ಸಹಿ ಮಾಡಿದ ಕಾಗದದ ಪ್ರತಿ. ಅಕ್ಕ ಅದನ್ನು ಬೀರುವಿನಲ್ಲಿಟ್ಟು, ಇದು ಉಪಯೋಗಕ್ಕೆ ಬರುವ ದಿನ ತುಂಬಾ ದೂರ ಇರಲಿ ಎಂದರು. ಜೊತೆಗೆ ಒಂದು ಕಾರ್ಡು, ನನ್ನ ಹೆಸರಿಗೆ.

"ನನ್ನ ಪ್ರಶ್ನೆ ಹಾಗೇ ಉಳಿದಿದೆ. ಮಂಡಿ?"

ಸಂಜೆ 6

ಮನೆಯವಳಿಗೆ ಕಾರ್ಡು ತೋರಿಸಿದೆ. ಈ ಸಲ ಆಮೆಯ ಹಿಂದೆ ಅಡಗಿಕೊಳ್ಳದೆ ಬರೆಯಿರಿ ಎಂದಳು. ಮೇಜು ಒರೆಸಿ ಕೊಟ್ಟಳು. ಇಲ್ಲೇ ಮೊದಲು ಬರೆದು ನೋಡುತ್ತೇನೆ, ಆಮೇಲೆ ಕಾರ್ಡಿಗೆ.

ಅಮ್ಮಾ,

ಹೌದು, ಮಂಡಿ ಇದೆ. ವೈದ್ಯರನ್ನು ಕೇಳಿ ಬರೆಯುತ್ತಿಲ್ಲ. ಹಿಂಗಾಲಿನಲ್ಲಿದೆ, ನಮ್ಮದರ ಹಾಗೇ ಮಡಚಿಕೊಳ್ಳುತ್ತದೆ. ಅವಳನ್ನು ಎತ್ತಿದ ದಿನ ಅದು ನನ್ನ ಅಂಗೈಯಲ್ಲಿತ್ತು. ಆಗ ನಾನು ನಿಮ್ಮ ಪ್ರಶ್ನೆಯನ್ನೇ ನೆನೆದೆ, ನಿಮಗೆ ಬರೆಯಲು ಮಾತ್ರ ಇಷ್ಟು ದಿನ ಬೇಕಾಯಿತು.