ಸೋಬಾನೆಯ ನಡುವೆ ಕೂಗಿದ ಕುಕ್ಕರ್

ಭದ್ರಿ,

ಇವತ್ತು ನಿನ್ನ ತಿಥಿಗೆ ನಿನ್ನನ್ನೇ ಹಾಡಿಸಿದರು. ನಿನ್ನ ಮಗಳ ಮಗ ಮಹೇಂದ್ರ ಮೈಸೂರಿನಿಂದ ಬೆಟ್ಟದಪುರಕ್ಕೆ ಕಂಪ್ಯೂಟರ್ ಹೊತ್ತು ತಂದು, ಹೋದ ವರ್ಷ ತೆಗೆದಿದ್ದ ನಿನ್ನ ಸೋಬಾನೆಯ ವಿಡಿಯೊ ಹಾಕಿದ. ಇಂಟರ್‌ನೆಟ್ಟಿನ ವಿಡಿಯೊಗಳೊಳಗೆ ಜಾಹೀರಾತು ತೂರಿಸುವುದೇ ಅವನ ಕಂಪನಿಯ ಕಸುಬು. ಒಂದು ಕೋಣೆಯಲ್ಲಿ ಶುರುವಾದದ್ದು ಈಗ ಮೂರು ಮಹಡಿಯಂತೆ.

ನೀನು ಒಂದು ಸಾಲು ಹಾಡಿ ನಿಲ್ಲಿಸಿದೆ. ನಲವತ್ತು ವರ್ಷ ನಿನ್ನ ಸಾಲಿನ ಹಿಂದೆಯೇ ನಾನು ಸೊಲ್ಲು ಹಿಡಿದು ಹಾಡುತ್ತಿದ್ದ ಆ ಜಾಗದಲ್ಲಿ ಯಾವುದೋ ಜಾಹೀರಾತಿನ ಕುಕ್ಕರ್ ಕೂಗಿತು. ಮತ್ತೊಂದು ಸಾಲು, ಮತ್ತೆ ಕುಕ್ಕರ್.

"ಸತ್ತೋಳ ಹಾಡ್ಗೂ ಕುಕ್ಕರ್ ಇಟ್ಯಲ್ಲೋ," ಅಂದೆ.

"ಹಾಡು ಎಲ್ಲಿ ನಿಂತ್ರೂ ನಮ್ ಮಿಷನ್ನು ಜಾಗ ಕಂಡಿಡೀತದೆ ಕಣಜ್ಜಿ. ನಮ್ಮಜ್ಜಿ ಹಾಡ್ನಲ್ಲೇ ಮೊದ್ಲು ಮಾಡಿ ನೋಡಿದ್ದು, ಅಲ್ಲಿಂದ್ಲೇ ಕಂಪನಿ ಬೆಳೆದದ್ದು. ನೀನೂ ಅವತ್ತು ಬಂದು ಸೊಲ್ಲು ಹಿಡ್ದಿದ್ರೆ ನಮ್ಗೆ ಜಾಗ್ವೇ ಸಿಕ್ತಿರ್ಲಿಲ್ಲ ಬುಡು," ಎಂದು ನಕ್ಕ.

ವಿಡಿಯೊ ತೆಗೆದ ದಿನ ನೀನು ಎರಡು ಸಲ ಹೇಳಿಕಳಿಸಿದ್ದೆ. ನನ್ನ ಮೊಮ್ಮಗಳ ಮದುವೆಗೆ ನೀನು ಬರಲಿಲ್ಲವೆಂಬ ಸಿಟ್ಟಿನಲ್ಲಿ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ.

ನನ್ನ ಬಾಯಿಗೆ ಊರೇ ಹೆದರುವುದು ನಿನಗೆ ಗೊತ್ತಲ್ಲ. ಆ ಜಾಗ ಖಾಲಿ ಬಿಟ್ಟವಳು ನಾನೇ. ಎಲೆ ಹಾಕಿದರು, ಅದೇ ಬಾಯಲ್ಲಿ ಉಂಡು ಬಂದೆ.